ಪರದೆ ಕಪ್ಪಾದರೂ ಲಾರಿ ಹೊರಡಬೇಕು

40 ಲಾರಿ, ಒಂದು ಗೋದಾಮು ಇರುವ ನಿಮ್ಮ ಸಾಗಣೆ ಸಂಸ್ಥೆಯನ್ನು ಸೈಬರ್ ದಾಳಿಯಿಂದ ಕಾಪಾಡಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂದು ಕೇಳಿದ್ದೀರಿ. ಹೆಸರು ಹೇಳುವುದಿಲ್ಲ, ಬೇಸರಿಸಬೇಡಿ. ಗೋದಾಮಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ನಾನು ಯಾರಿಗಾದರೂ ಮೊದಲು ಕೇಳುವುದು ಇಷ್ಟೇ: ನಾಳೆ ಬೆಳಿಗ್ಗೆ ಎಲ್ಲ ಪರದೆಗಳೂ ಕಪ್ಪಾದರೆ, ಮೊದಲ ಲಾರಿಗೆ ಏನು ತುಂಬಬೇಕೆಂದು ಯಾರು ಹೇಳುತ್ತಾರೆ?

ನಮಗೆ ಯಾರೂ ಹೇಳಲಿಲ್ಲ. ಹಿಂದೆ ನಾನಿದ್ದ ಸಂಸ್ಥೆಯಲ್ಲಿ ಒಂದು ಸೋಮವಾರ ಬೆಳಗಿನ ಪಾಳಿಯವರು ಸ್ಕ್ಯಾನರ್ ಹಿಡಿದು ರ‍್ಯಾಕ್‌ಗಳ ಮುಂದೆ ನಿಂತರು. ಯಾವ ಸ್ಕ್ಯಾನರೂ ಸರ್ವರ್‌ಗೆ ಸೇರುತ್ತಿರಲಿಲ್ಲ. ಸರಕೆಲ್ಲ ಕಣ್ಣೆದುರೇ ಇತ್ತು. ಆದರೆ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಪೆಟ್ಟಿಗೆ ಇಡುವುದು ನಮ್ಮ ಪದ್ಧತಿ. ಯಾವುದು ಯಾವ ರ‍್ಯಾಕ್‌ನಲ್ಲಿದೆ ಎಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತಿತ್ತು. ಅದರ ಕಡತಗಳನ್ನೆಲ್ಲ, ಬಿಡಿಸಲು ಹಣ ಕೇಳುವ ದಾಳಿ ತಂತ್ರಾಂಶವಾದ ರ‍್ಯಾನ್ಸಮ್‌ವೇರ್ ಬೀಗ ಹಾಕಿ ಕೂತಿತ್ತು. ಸ್ಟಿಕ್ಕರ್ ಮುದ್ರಿಸುವ ಹಳೆಯ ಕಂಪ್ಯೂಟರೊಂದಕ್ಕೆ, ರಿಪೇರಿಯವರು ದೂರದಿಂದಲೇ ನೋಡಲಿ ಎಂದು ಎಂದೋ ಕೊಟ್ಟಿದ್ದ ಪ್ರವೇಶವನ್ನು ಯಾರೂ ಮುಚ್ಚಿರಲಿಲ್ಲ. ಒಳಬಂದದ್ದು ಅಲ್ಲಿಂದ.

ಬ್ಯಾಕಪ್ ಇರಲಿಲ್ಲವೇ ಎನ್ನುತ್ತೀರಿ. ಇತ್ತು. ಅದರ ಹಾರ್ಡ್ ಡಿಸ್ಕ್ ಹಗಲೂ ರಾತ್ರಿ ಸರ್ವರ್‌ಗೇ ಚುಚ್ಚಿಕೊಂಡಿತ್ತು, ಹಾಗಾಗಿ ಅದಕ್ಕೂ ಬೀಗ ಬಿತ್ತು. ಕಡೆಗೆ ಕೈಹಿಡಿದದ್ದು ಗೇಟಿನ ಕಾವಲುಗಾರರ ರೂಲು ಹಾಕಿದ ಪುಸ್ತಕ: ವಾಹನದ ಸಂಖ್ಯೆ, ಪಾರ್ಟಿಯ ಹೆಸರು, ಪೆಟ್ಟಿಗೆಗಳ ಲೆಕ್ಕ. ಅದನ್ನಿಟ್ಟುಕೊಂಡು ನಾಲ್ಕು ದಿನ ಒಂದೊಂದೇ ಪೆಟ್ಟಿಗೆ ಎಣಿಸಿದೆವು. ಹಿಂದಿನ ವರ್ಷವಷ್ಟೇ ಆ ಪುಸ್ತಕ ಯಾಕೆ ಬೇಕು ಎಂದು ಸಭೆಯಲ್ಲಿ ವಾದ ಮಾಡಿದ್ದವನು ನಾನೇ.

ದೊಡ್ಡವರ ಕಥೆಯೂ ಬೇರೆಯಲ್ಲ. 2017ರ ಜೂನ್ 27ರಂದು ಹಬ್ಬಿದ, ಕಡತಗಳನ್ನು ಕೆಡಿಸುವ ದಾಳಿ ತಂತ್ರಾಂಶ ನಾಟ್‌ಪೆಟ್ಯಾ, ಹಡಗು ಸಾಗಣೆಯ ದೈತ್ಯ ಮರ್ಸ್ಕ್ ಸಂಸ್ಥೆಯನ್ನು ಕೆಡವಿತು. ದಾಳಿಯ ಗುರಿ ಮರ್ಸ್ಕ್ ಆಗಿರಲೇ ಇಲ್ಲ. ಉಕ್ರೇನ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರೊಂದರ ಅಪ್‌ಡೇಟ್ ಜೊತೆ ಅದು ಬಂದಿತ್ತು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ನಷ್ಟದ ಅಂದಾಜು 25ರಿಂದ 30 ಕೋಟಿ ಡಾಲರ್. ಯಾರು ಒಳಬರಬಹುದೆಂದು ನಿರ್ಧರಿಸುವ, ಜಾಲದ ಬೆನ್ನೆಲುಬಾದ ಡೊಮೇನ್ ಕಂಟ್ರೋಲರ್‌ನ ಒಂದೇ ಒಂದು ಪ್ರತಿ ಘಾನಾದ ಕಚೇರಿಯಲ್ಲಿ ಉಳಿದಿತ್ತು, ಅದೂ ಅಲ್ಲಿ ಕರೆಂಟ್ ಹೋಗಿ ಯಂತ್ರ ಜಾಲದಿಂದ ಬೇರ್ಪಟ್ಟಿದ್ದರಿಂದ. ಆದರೂ ಆ ದಿನಗಳಲ್ಲಿ ಸರಕಿನ ಪ್ರಮಾಣ ಶೇ. 20ರಷ್ಟು ಮಾತ್ರ ಕುಗ್ಗಿತು, ಉಳಿದದ್ದನ್ನು ಸಿಬ್ಬಂದಿ ಕೈಯಿಂದಲೇ ನಿಭಾಯಿಸಿದರು ಎಂದು ಮರ್ಸ್ಕ್ ಅಧ್ಯಕ್ಷರು ಮುಂದೆ ಹೇಳಿದರು. ನನಗೆ ಮುಖ್ಯವಾಗಿ ಕಾಣುವುದು ಆ ಮಾತು.

ಎಲ್ಲರಿಗೂ ಅಷ್ಟು ತಾಕತ್ತಿರುವುದಿಲ್ಲ. ಬ್ರಿಟನ್ನಿನ ಕೆಎನ್‌ಪಿ ಎಂಬ 158 ವರ್ಷಗಳ ಲಾರಿ ಸಂಸ್ಥೆ 2023ರಲ್ಲಿ ರ‍್ಯಾನ್ಸಮ್‌ವೇರ್ ದಾಳಿಯ ನಂತರ ಮುಚ್ಚಿತು. ಸುಮಾರು 700 ಜನ ಕೆಲಸ ಕಳೆದುಕೊಂಡರು. ನೌಕರರೊಬ್ಬರ ಪಾಸ್‌ವರ್ಡನ್ನು ದಾಳಿಕೋರರು ಊಹಿಸಿ ಒಳನುಗ್ಗಿದರೆಂದು ನಂಬಲಾಗಿದೆ.

ನೀವು ಈ ವಾರವೇ ಮಾಡಬಹುದಾದದ್ದು ಹೇಳುತ್ತೇನೆ. ಬ್ಯಾಕಪ್‌ನ ಒಂದು ಪ್ರತಿ ಜಾಲಕ್ಕೆ ಸೇರದೆ ಬೇರೆ ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಅದರಿಂದ ಕಡತಗಳನ್ನು ನಿಜವಾಗಿ ಮರಳಿ ಪಡೆದು ನೋಡಿ. ಲಾರಿ ಕಳುಹಿಸುವ ಮೇಜಿನಲ್ಲಿ ಮೂರೂ ಪಾಳಿಯವರು ಒಂದೇ ಪಾಸ್‌ವರ್ಡ್ ಬಳಸುತ್ತಿರುತ್ತಾರೆ, ಅದು ಪರದೆಯ ಅಂಚಿನಲ್ಲಿ ಅಂಟಿಸಿಯೂ ಇರುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಕೊಡಿ, ಮೊಬೈಲ್‌ನ ಎರಡನೇ ದೃಢೀಕರಣವನ್ನೂ (ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಸಂಕೇತ) ಸೇರಿಸಿ. ಜಿಪಿಎಸ್, ಸಿಸಿಟಿವಿ, ತೂಕದ ಯಂತ್ರದವರಿಗೆ ಕೊಟ್ಟ ಪ್ರವೇಶಗಳ ಪಟ್ಟಿ ಮಾಡಿ; ಬೇಡದ್ದನ್ನು ಮುಚ್ಚಿ. ಸ್ಕ್ಯಾನರ್‌ಗಳ ಜಾಲ ಲೆಕ್ಕಪತ್ರದ ಜಾಲದಿಂದ ಬೇರೆಯಾಗಿರಲಿ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ 2011ರಿಂದ ಎರಡು ವರ್ಷ ಮಾದಕವಸ್ತು ಸಾಗಿಸುವವರು ಹ್ಯಾಕರ್‌ಗಳನ್ನು ಇಟ್ಟುಕೊಂಡು, ಯಾವ ಕಂಟೈನರ್ ಎಲ್ಲಿದೆ, ಬಿಡಿಸಿಕೊಳ್ಳುವ ಪಿನ್ ಏನು ಎಂದು ಕಂಪನಿಗಳ ಕಂಪ್ಯೂಟರಿನಿಂದಲೇ ತಿಳಿದು, ನಿಜವಾದ ಮಾಲೀಕರಿಗಿಂತ ಮೊದಲೇ ತಮ್ಮ ಚಾಲಕರನ್ನು ಕಳುಹಿಸಿ ಒಯ್ಯುತ್ತಿದ್ದರು. ಕಂಪನಿಗಳು ಹೊರಗಿನ ಪ್ರವೇಶ ತಡೆಯುವ ಫೈರ್‌ವಾಲ್ ಹಾಕಿದ ಮೇಲೆ ಕಚೇರಿಗೇ ನುಗ್ಗಿ, ಒತ್ತಿದ ಕೀಲಿಗಳನ್ನು ದಾಖಲಿಸುವ ಸಾಧನಗಳನ್ನು ಅಡಗಿಸಿಟ್ಟರು.

ನಿಮ್ಮ ಗಾತ್ರದ ಸಂಸ್ಥೆಯಲ್ಲಿ ಇದರ ರೂಪ ಸರಳ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಇಮೇಲ್, ಅಥವಾ "ಸರಕು ಎತ್ತಲು ಬೇರೆ ಲಾರಿ ಬರುತ್ತದೆ" ಎಂಬ ಸಂದೇಶ. ಇಂಥದ್ದು ಬಂದರೆ, ಆ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡಬೇಡಿ; ಮೊದಲಿಂದ ನಿಮ್ಮ ಬಳಿ ಇರುವ ಸಂಖ್ಯೆಗೆ ಮಾಡಿ ಕೇಳಿ. ಗ್ರಾಹಕರು ಅವಸರಪಡಿಸಿದರೂ, ಬೈದರೂ ಸರಿ.

ಕೊನೆಯದಾಗಿ, ಕೆಲಸ ಕಡಿಮೆ ಇರುವ ಒಂದು ಬೆಳಿಗ್ಗೆ ಸರ್ವರ್ ಇಲ್ಲವೆಂದುಕೊಂಡು ಎರಡು ಗಂಟೆ ಗೋದಾಮು ನಡೆಸಿ ನೋಡಿ. ಹಿಂದಿನ ಸಂಜೆಯ ದಾಸ್ತಾನು ಪಟ್ಟಿ ಮುದ್ರಿಸಿಟ್ಟಿರಿ, ಕೈಯಲ್ಲಿ ಬರೆಯುವ ಚಲನ್ ಪುಸ್ತಕ ಒಂದಿರಲಿ. ನಾವು ಮೊದಲ ಸಲ ಹೀಗೆ ಮಾಡಿದಾಗ ಹತ್ತೇ ನಿಮಿಷಕ್ಕೆ ಸಿಕ್ಕಿಬಿದ್ದೆವು: ಪಟ್ಟಿ ಇತ್ತು, ಚಲನ್ ಇತ್ತು, ಆದರೆ ಚಾಲಕರ ಫೋನ್ ಸಂಖ್ಯೆಗಳೆಲ್ಲ ಸರ್ವರ್‌ನಲ್ಲೇ ಇದ್ದವು. ಈಗ ಅವು ಗೇಟಿನವರ ಆ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಅಂಟಿಕೊಂಡಿವೆ.