ಹಂಗೇರಿಯವರು, ಚೀನೀಯರು: ಅಮೆರಿಕದಲ್ಲಿ ಯಾರ ಮಕ್ಕಳು ಮುಂದೆ?

ಪ್ರಶ್ನೆ: ಮಗಳು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಳೆ. ಪಕ್ಕದ ಮನೆಯವರು ಹಂಗೇರಿ ಮೂಲದವರು. ಅಜ್ಜನ ಕಾಲದಿಂದ ಅಲ್ಲೇ ಇದ್ದಾರಂತೆ. ಅವಳ ಆಫೀಸಿನಲ್ಲಿ ಚೀನೀ ಮೂಲದವರು ಬಹಳ. ಎರಡೂ ಕಡೆಯವರ ಹಿರಿಯರು ಕೂಲಿಗೆಂದೇ ಬಂದವರು ಅಂತ ಕೇಳಿದ್ದೇನೆ. ಹಾಗಾದರೆ ಇವತ್ತು ಓದು, ಸಂಬಳದ ಲೆಕ್ಕದಲ್ಲಿ ಯಾರು ಮುಂದೆ? "ಚೀನೀಯರ ಸಂಸ್ಕೃತಿಯೇ ಹಾಗೆ, ಓದು ಅವರ ರಕ್ತದಲ್ಲಿದೆ" ಅಂತಾರೆ ನಮ್ಮ ಅಳಿಯಂದಿರು. ಇದು ಸರಿಯೇ? (ಓದುಗರು, ಶಿವಮೊಗ್ಗ)

ಉತ್ತರ: ಓದಿನಲ್ಲಿ ಚೀನೀ ಮೂಲದವರು ಮುಂದೆ. ಅಮೆರಿಕದಲ್ಲಿ 25 ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಿಗೆ ಒಬ್ಬರು ಡಿಗ್ರಿ ಮುಗಿಸಿದವರು. ಚೀನೀ ಮೂಲದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಪಡೆದವರು. ಮನೆಯ ಒಟ್ಟು ವರಮಾನದಲ್ಲಿ ಎರಡೂ ಗುಂಪು ದೇಶದ ಸರಾಸರಿಗಿಂತ ಮೇಲಿವೆ. ಆದರೆ ಬಡವರು ಎಲ್ಲಿ ಹೆಚ್ಚು ಅಂತ ನೋಡಿದರೆ, ಅದೂ ಚೀನೀ ಮೂಲದವರಲ್ಲೇ.

ವಿಚಿತ್ರ ಅನ್ನಿಸಿತಲ್ವಾ? ಓದಿದವರೂ ಅವರಲ್ಲೇ ಹೆಚ್ಚು, ಬಡವರೂ ಅವರಲ್ಲೇ ಹೆಚ್ಚು. "ಸಂಸ್ಕೃತಿ" ಅನ್ನುವ ಒಂದೇ ಮಾತಿನಿಂದ ಇವೆರಡನ್ನೂ ವಿವರಿಸಲು ಆಗುವುದಿಲ್ಲ. ಯಾರು, ಯಾವ ವರ್ಷ, ಯಾವ ಕಾನೂನಿನ ಕೆಳಗೆ ಬಂದರು ಅಂತ ನೋಡಬೇಕು.

ಮೊದಲು ಮಗಳ ಪಕ್ಕದ ಮನೆಯವರ ವಿಷಯ. 1880ರಿಂದ ಮೊದಲ ಮಹಾಯುದ್ಧದವರೆಗೆ ಆಗಿನ ಹಂಗೇರಿ ರಾಜ್ಯದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಹೋದರು. ಹೆಚ್ಚಿನವರು ಜಮೀನಿಲ್ಲದ ರೈತರು. ನಾಲ್ಕು ಕಾಸು ಮಾಡಿಕೊಂಡು ಊರಿಗೆ ಮರಳಿ ಜಮೀನು ಕೊಳ್ಳೋಣ ಅನ್ನುವುದು ಅವರ ಯೋಚನೆ. ಬಹಳ ಮಂದಿ ಮರಳಿಯೂ ಹೋದರು. ಉಳಿದವರು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಮತ್ತು ಓಹಾಯೋದ ಉಕ್ಕಿನ ಕಾರ್ಖಾನೆ ಸೇರಿದರು. ಅದು ಜೀವ ಒತ್ತೆಯಿಟ್ಟು ಮಾಡುವ ಕೆಲಸ. 1907ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಡಾರ್ ಗಣಿ ಸ್ಫೋಟದಲ್ಲಿ 239 ಜನ ಸತ್ತರು. ಅವರಲ್ಲಿ ಹಂಗೇರಿಯವರು ಬಹಳ. ಹಂಗೇರಿಯವರನ್ನು ಅಲ್ಲಿನ ಜನ "ಹಂಕಿ" ಅಂತ ಹೀಯಾಳಿಸುತ್ತಿದ್ದರು. ಕ್ಲೀವ್‌ಲ್ಯಾಂಡ್‌ನ ಬಕ್‌ಐ ರಸ್ತೆಯ ಸುತ್ತ ಅವರದೇ ಚರ್ಚು, ಅವರದೇ ಬೇಕರಿ, ಅವರದೇ ಪತ್ರಿಕೆ ಇದ್ದವು. ಮಗಳಿಗೆ ಬಿಡುವಿದ್ದಾಗ ಆ ಕಡೆ ಒಂದು ಸುತ್ತು ಹೋಗಿ ಬರಲು ಹೇಳಿ.

ಹೀಯಾಳಿಕೆ ಇತ್ತು, ನಿಜ. ಆದರೆ ಬಂದು ನೆಲೆಸಿದವರ ವಿರುದ್ಧ ಕಾನೂನು ಇರಲಿಲ್ಲ. ಬಿಳಿಯರು ಅಂತ ಲೆಕ್ಕ ಇದ್ದದ್ದರಿಂದ ಐದು ವರ್ಷ ಕಳೆದ ಮೇಲೆ ಪೌರತ್ವ ಕೇಳಬಹುದಿತ್ತು. ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು, ಮನೆ ಕೊಳ್ಳಬಹುದಿತ್ತು. ಮಕ್ಕಳು ಎಲ್ಲರ ಜತೆ ಸರ್ಕಾರಿ ಶಾಲೆಗೆ ಹೋದರು. 1937ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ಕಾರ್ಮಿಕ ಸಂಘಕ್ಕೆ ಮಾನ್ಯತೆ ಕೊಟ್ಟ ಮೇಲೆ ಉಕ್ಕಿನ ಕೆಲಸದ ಕೂಲಿ ಏರಿತು. ಎರಡನೇ ಮಹಾಯುದ್ಧಕ್ಕೆ ಹೋಗಿಬಂದ ಮಗ ಸರ್ಕಾರದ ಖರ್ಚಿನಲ್ಲಿ ಕಾಲೇಜು ಓದಿದ. ಮೊಮ್ಮಗ ಊರಾಚೆಯ ಬಡಾವಣೆಯಲ್ಲಿ ಮನೆ ಮಾಡಿದ. ಇದು ನಿಧಾನವಾಗಿ ಹತ್ತಿದ ಮೆಟ್ಟಿಲು. 1970ರ ದಶಕದ ಕೊನೆಗೆ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆ ಹೊತ್ತಿಗೆ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಕಾರ್ಖಾನೆಯ ದಾರಿ ಬಿಟ್ಟಾಗಿತ್ತು.

ಈಗ ಚೀನೀಯರ ಕಡೆ ಬನ್ನಿ. ಅವರು ಹಂಗೇರಿಯವರಿಗಿಂತ ಮೂವತ್ತು ವರ್ಷ ಮುಂಚೆ ಬಂದವರು. 1848ರ ಚಿನ್ನದ ಹುಚ್ಚು ಅವರನ್ನು ಕ್ಯಾಲಿಫೋರ್ನಿಯಾಕ್ಕೆ ಎಳೆಯಿತು. ಹೆಚ್ಚಿನವರು ಗುವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಸುತ್ತಮುತ್ತಲಿನವರು. 1869ರಲ್ಲಿ ಮುಗಿದ ಖಂಡ ದಾಟುವ ರೈಲುಮಾರ್ಗದ ಪಶ್ಚಿಮ ಭಾಗಕ್ಕೆ, ಸಿಯೆರಾ ಬೆಟ್ಟ ಕೊರೆಯಲು, 10 ಸಾವಿರಕ್ಕೂ ಹೆಚ್ಚು ಚೀನೀಯರು ದುಡಿದರು. ಆಮೇಲೆ ಏನಾಯಿತು? 1882ರಲ್ಲಿ ಚೀನೀ ಕೂಲಿಕಾರರು ಬರಲೇಬಾರದು ಅಂತ ಕಾನೂನು ಬಂತು. ಅದಕ್ಕೂ ಮುಂಚೆ, 1875ರ ಇನ್ನೊಂದು ಕಾನೂನು ಚೀನೀ ಹೆಂಗಸರು ಬರುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿತ್ತು. 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಗಣಿಯಲ್ಲಿ ಗಲಭೆ ಎದ್ದು 28 ಚೀನೀಯರನ್ನು ಕೊಂದರು. 1890ರಲ್ಲಿ ಅಮೆರಿಕದಲ್ಲಿ ಸುಮಾರು 27 ಚೀನೀ ಗಂಡಸರಿಗೆ ಒಬ್ಬ ಚೀನೀ ಹೆಂಗಸು. ಆ ವರ್ಷ ಒಂದು ಲಕ್ಷ ದಾಟಿದ್ದ ಅವರ ಸಂಖ್ಯೆ 1920ಕ್ಕೆ ಸುಮಾರು 62 ಸಾವಿರಕ್ಕೆ ಇಳಿಯಿತು.

ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಾವು "ವಲಸಿಗರ ವಂಶಸ್ಥರು" ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ರೈಲುಹಳಿ ಹಾಕಿದ ಬಹುಪಾಲು ಚೀನೀಯರಿಗೆ ಅಮೆರಿಕದಲ್ಲಿ ವಂಶವೇ ಬೆಳೆಯಲಿಲ್ಲ. ಕಾನೂನು ಬೆಳೆಯಲು ಬಿಡಲಿಲ್ಲ. ಹಾಗಾಗಿ ನಿಮ್ಮ ಮಗಳ ಆಫೀಸಿನ ಚೀನೀಯರು ಆ ಕೂಲಿಕಾರರ ಮೊಮ್ಮಕ್ಕಳಾಗಿರುವ ಸಾಧ್ಯತೆ ತೀರಾ ಕಮ್ಮಿ. ಅವರ ಅಪ್ಪ ಅಮ್ಮ 1965ರ ನಂತರ ಬಂದಿರುತ್ತಾರೆ, ಅಥವಾ ಅವರೇ ಎಂ.ಎಸ್. ಮಾಡಲು ಬಂದಿರುತ್ತಾರೆ.

1965ರ ಕಾನೂನು ದೇಶವಾರು ಹಳೆಯ ಕೋಟಾ ತೆಗೆದುಹಾಕಿತು. ಕುಟುಂಬದ ನಂಟು ಇರುವವರಿಗೆ, ಬೇಕಾದ ಕಸುಬು ಗೊತ್ತಿರುವವರಿಗೆ ಮೊದಲ ಮಣೆ ಹಾಕಿತು. ಮೊದಲು ತೈವಾನ್ ಮತ್ತು ಹಾಂಗ್‌ಕಾಂಗ್‌ನಿಂದ, 1980ರ ನಂತರ ಚೀನಾದಿಂದ ಪದವೀಧರರು ಬಂದರು. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ನಂತರ, 1992ರ ಕಾನೂನಿನ ಕೆಳಗೆ, ಆಗಲೇ ಅಮೆರಿಕದಲ್ಲಿದ್ದ 50 ಸಾವಿರಕ್ಕೂ ಹೆಚ್ಚು ಚೀನೀಯರಿಗೆ ಗ್ರೀನ್ ಕಾರ್ಡ್ ಸಿಕ್ಕಿತು. ಅವರಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿಗಳು, ಸಂಶೋಧಕರು. ಚೀನಾದಲ್ಲಿ ಆಗ ಡಿಗ್ರಿ ಮುಗಿಸಿದವರೇ ಬೆರಳೆಣಿಕೆ. ಅಂದರೆ ಅಮೆರಿಕಕ್ಕೆ ಬಂದದ್ದು ಚೀನಾದ ಸರಾಸರಿ ಮನೆಯಲ್ಲ, ಸೋಸಿ ತೆಗೆದ ಮನೆ. ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋದವರನ್ನು ನೋಡಿ "ಕನ್ನಡಿಗರೆಲ್ಲ ಇಂಜಿನಿಯರುಗಳು" ಅಂತ ಯಾರಾದರೂ ಹೇಳಿದರೆ ನಾವು ನಗುತ್ತೇವೆ ತಾನೇ? ಅಳಿಯಂದಿರ ಮಾತೂ ಅದೇ ಜಾತಿಯದು.

ಹಾಗಾದರೆ ಬಡವರು ಎಲ್ಲಿಂದ ಬಂದರು? ಅವರು ಇನ್ನೊಂದು ದಾರಿಯಲ್ಲಿ ಬಂದವರು. 1980, 90ರ ದಶಕಗಳಲ್ಲಿ ಫುಜಿಯಾನ್ ಪ್ರಾಂತ್ಯದಿಂದ ಸಾವಿರಾರು ಜನ ದಲ್ಲಾಳಿಗಳಿಗೆ ಮೂವತ್ತು ಸಾವಿರ ಡಾಲರ್‌ನಷ್ಟು ಸಾಲ ಹೊತ್ತು ನ್ಯೂಯಾರ್ಕಿಗೆ ಕಳ್ಳದಾರಿಯಲ್ಲಿ ಬಂದರು. 1993ರ ಜೂನ್‌ನಲ್ಲಿ ಗೋಲ್ಡನ್ ವೆಂಚರ್ ಅನ್ನುವ ಹಡಗು ಅಂಥ 286 ಜನರನ್ನು ಹೊತ್ತು ಬಂದು ನ್ಯೂಯಾರ್ಕ್ ದಡದ ಮರಳಿನಲ್ಲಿ ಸಿಕ್ಕಿಕೊಂಡಿತು. ಈಜಲು ಹೋದ ಹತ್ತು ಮಂದಿ ಸತ್ತರು. ಹೋಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಗಾರ್ಮೆಂಟ್ಸ್‌ನಲ್ಲಿ ಹೊಲಿದು ಆ ಸಾಲ ತೀರಿಸಲು ವರ್ಷಗಳೇ ಬೇಕಾದವು. ಇವರೂ, ಸಿಲಿಕಾನ್ ವ್ಯಾಲಿಯ ಇಂಜಿನಿಯರೂ ಜನಗಣತಿಯಲ್ಲಿ ಒಂದೇ ಸಾಲಿನಲ್ಲಿ ಬರುತ್ತಾರೆ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2018ರಲ್ಲಿ ಹಾಕಿದ ಲೆಕ್ಕದಂತೆ, 2016ರಲ್ಲಿ ಏಷ್ಯಾ ಮೂಲದವರ ಮೇಲಿನ ಹತ್ತನೇ ಒಂದು ಪಾಲಿನ ವರಮಾನ ಕೆಳಗಿನ ಹತ್ತನೇ ಒಂದು ಪಾಲಿನದಕ್ಕಿಂತ 10.7 ಪಟ್ಟು. ಅಮೆರಿಕದ ದೊಡ್ಡ ಜನಾಂಗ ಗುಂಪುಗಳಲ್ಲೇ ಅತಿ ಹೆಚ್ಚಿನ ಅಂತರ ಅದು. ಅಲ್ಲಿ ಸರಾಸರಿ ಹೇಳಿದರೆ ಯಾರ ಬಗ್ಗೆಯೂ ಏನೂ ಹೇಳಿದಂತಾಗುವುದಿಲ್ಲ.

ಪ್ರಶ್ನೆ: ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದು ಸರಿಯೇ? ಮನೆಯಲ್ಲಿ ಓದಿಗೆ ಕೊಡುವ ಬೆಲೆಗೆ ಅರ್ಥವೇ ಇಲ್ಲವೇ? (ನಿವೃತ್ತ ಶಿಕ್ಷಕಿ, ಧಾರವಾಡ)

ಉತ್ತರ: ಅರ್ಥ ಇದೆ ಮೇಡಂ. ಸಾಲದಲ್ಲಿ ಮುಳುಗಿದ್ದ ಫುಜಿಯಾನ್ ಮನೆಗಳ ಮಕ್ಕಳಲ್ಲೂ ಎಷ್ಟೋ ಮಂದಿ ನ್ಯೂಯಾರ್ಕಿನ ಪ್ರವೇಶ ಪರೀಕ್ಷೆ ಗೆದ್ದು ಒಳ್ಳೆಯ ಹೈಸ್ಕೂಲು ಸೇರಿದ್ದಾರೆ. ಮೊದಲು ಬಂದ ಓದಿದವರು ಕಟ್ಟಿದ ಟ್ಯೂಷನ್ ಸೆಂಟರು, ಚೀನೀ ಪತ್ರಿಕೆಗಳಲ್ಲಿ ಬರುವ ಶಾಲೆಗಳ ಸುದ್ದಿ ಬಡವರ ಮಕ್ಕಳಿಗೂ ದಕ್ಕುತ್ತವೆ. ಅದು ಸಣ್ಣ ಲಾಭವಲ್ಲ.

ಆದರೆ ಓದು ಮಾತ್ರ ಸಾಲದು ಅನ್ನುವುದಕ್ಕೂ ಸಾಕ್ಷಿ ಇದೆ. ಅರ್ಥಶಾಸ್ತ್ರಜ್ಞ ನಥಾನಿಯಲ್ ಹಿಲ್ಗರ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಏಷ್ಯಾ ಮೂಲದವರ ಹಳೆಯ ಜನಗಣತಿ ದಾಖಲೆ ಕೆದಕಿದರು. 20ನೇ ಶತಮಾನದ ನಡುವಿನಲ್ಲಿ, ಬಿಳಿಯರಷ್ಟೇ ಓದಿದ್ದರೂ ಅವರ ಗಳಿಕೆ ಕಮ್ಮಿ ಇತ್ತು. 1980ರ ಹೊತ್ತಿಗೆ ಆ ಅಂತರ ಬಹುಪಾಲು ಮುಚ್ಚಿತು. ಓದುವ ಹುಚ್ಚು ಆ ನಡುವೆ ಹೊಸದಾಗಿ ಹತ್ತಿದ್ದಲ್ಲ, ಕೆಲಸ ಕೊಡುವವರ ತಾರತಮ್ಯ ಇಳಿದದ್ದು ದೊಡ್ಡ ಕಾರಣ. ಅದಕ್ಕೂ ಹಿಂದೆ ಹೋದರೆ ಶಾಲೆಗೇ ಕುತ್ತು. ಮಿಸಿಸಿಪ್ಪಿಯಲ್ಲಿ ಚೀನೀ ಅಂಗಡಿಯವರೊಬ್ಬರು ಮಗಳನ್ನು ಬಿಳಿಯರ ಶಾಲೆಗೆ ಸೇರಿಸಲು ಸುಪ್ರೀಂ ಕೋರ್ಟ್ ತನಕ ಹೋಗಿ 1927ರಲ್ಲಿ ಸೋತರು. ಅದೇ ವರ್ಷ ಕ್ಲೀವ್‌ಲ್ಯಾಂಡ್‌ನ ಹಂಗೇರಿ ಕಾರ್ಮಿಕನ ಮಗಳು ಯಾರನ್ನೂ ಕೇಳದೆ ಶಾಲೆಗೆ ಹೋಗುತ್ತಿದ್ದಳು.

ಇನ್ನೊಂದು ಮಾತು. ಅರ್ಥಶಾಸ್ತ್ರಜ್ಞರಾದ ರಾನ್ ಅಬ್ರಮಿಟ್ಸ್ಕಿ, ಲಿಯಾ ಬೌಸ್ಟನ್ ಮತ್ತು ಜತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಏನೆಂದರೆ, ಹೆಚ್ಚುಕಡಿಮೆ ಎಲ್ಲ ದೇಶಗಳಿಂದ ಬಂದ ಬಡ ವಲಸಿಗರ ಮಕ್ಕಳೂ ಅಷ್ಟೇ ಬಡ ಅಮೆರಿಕದವರ ಮಕ್ಕಳಿಗಿಂತ ಬೇಗ ಮೇಲೇರಿದ್ದಾರೆ. ನೂರು ವರ್ಷದ ಹಿಂದೆಯೂ ಹಾಗೇ, ಈಗಲೂ ಹಾಗೇ. ಅವರು ಕೊಡುವ ಕಾರಣಗಳಲ್ಲಿ ಒಂದು ಸರಳ: ಹೇಗೂ ಊರು ಬಿಟ್ಟು ಬಂದವರು, ಕೆಲಸ ಇರುವ ಕಡೆಗೇ ಹೋಗಿ ನೆಲೆಸುತ್ತಾರೆ. ಇದು ಹಂಗೇರಿಯವರ ಗುಣವೂ ಅಲ್ಲ, ಚೀನೀಯರ ಗುಣವೂ ಅಲ್ಲ.

ಪ್ರಶ್ನೆ: ಎರಡೂ ಸಮುದಾಯ ಒಂದೇ ಊರಿನಲ್ಲಿ ಇದ್ದ ಉದಾಹರಣೆ ಇದೆಯೇ? (ಸಮಾಜಶಾಸ್ತ್ರ ಎಂ.ಎ. ವಿದ್ಯಾರ್ಥಿ, ಮೈಸೂರು)

ಉತ್ತರ: ಇದೆ. ಕೆನಡಾದ ವ್ಯಾಂಕೂವರ್ ನೋಡಿ. ಕೆನಡಾ ಪೆಸಿಫಿಕ್ ರೈಲಿಗೆ ಚೀನೀ ಕೂಲಿಕಾರರನ್ನು ದುಡಿಸಿಕೊಂಡ ದೇಶ, ಕೆಲಸ ಮುಗಿದ 1885ರಲ್ಲೇ ಬರುವ ಪ್ರತಿ ಚೀನೀಯನ ಮೇಲೆ 50 ಡಾಲರ್ ತಲೆಗಂದಾಯ ಹಾಕಿತು. 1900ರಲ್ಲಿ ಅದು 100 ಆಯಿತು, 1903ರಲ್ಲಿ 500. ಆಗಿನ ಕೂಲಿಯಲ್ಲಿ ಅದು ಸುಮಾರು ಎರಡು ವರ್ಷದ ದುಡಿಮೆ. 1923ರಲ್ಲಿ ಬಾಗಿಲೇ ಮುಚ್ಚಿತು, 1947ರ ತನಕ ತೆರೆಯಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಚೀನೀಯರಿಗೆ ಮತದ ಹಕ್ಕು ಸಿಕ್ಕಿದ್ದೂ 1947ರಲ್ಲೇ. ಮತಪಟ್ಟಿಯಲ್ಲಿ ಹೆಸರಿಲ್ಲದವರು ಅಲ್ಲಿ ವಕೀಲಿ ಮತ್ತು ಔಷಧಿ ಅಂಗಡಿಯ ವೃತ್ತಿಗೂ ಹೋಗುವಂತಿರಲಿಲ್ಲ.

ಇದಾದ ಹತ್ತೇ ವರ್ಷಕ್ಕೆ ಹಂಗೇರಿಯವರು ಬಂದರು. 1956ರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದಾಗ ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಕೆನಡಾ 37 ಸಾವಿರದಷ್ಟು ಜನರನ್ನು ತೆಗೆದುಕೊಂಡಿತು, ಪ್ರಯಾಣದ ಖರ್ಚು ಸರ್ಕಾರದ್ದೇ. ಸೊಪ್ರಾನ್ ಊರಿನ ಅರಣ್ಯಶಾಸ್ತ್ರ ಕಾಲೇಜಿನಿಂದ ಸುಮಾರು 200 ವಿದ್ಯಾರ್ಥಿಗಳು ತಮ್ಮ ಡೀನ್ ಕಾಲ್ಮಾನ್ ರೋಲರ್ ಮತ್ತು ಅಧ್ಯಾಪಕರ ಜತೆಗೇ ಬಂದರು. ಪೊವೆಲ್ ರಿವರ್ ಅನ್ನುವ ಕಾಗದ ಕಾರ್ಖಾನೆಯ ಊರಿನಲ್ಲಿ ಕೆಲವು ತಿಂಗಳು ಇಂಗ್ಲಿಷ್ ಕಲಿತರು. ಆಮೇಲೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಅವರ ಕಾಲೇಜನ್ನು ಹಾಗೇ ತನ್ನೊಳಗೆ ಸೇರಿಸಿಕೊಂಡಿತು. ಕೊನೆಯ ತಂಡ 1961ರಲ್ಲಿ ಡಿಗ್ರಿ ಪಡೆಯಿತು. ಮರ, ಕಾಗದವೇ ಜೀವಾಳವಾದ ಪ್ರಾಂತ್ಯದಲ್ಲಿ ಅರಣ್ಯ ಪದವೀಧರರಿಗೆ ಕೆಲಸ ಸಿಗುವುದು ಕಷ್ಟವೇ? ಅವರು ಬುದ್ಧಿವಂತರು, ಶ್ರಮಪಟ್ಟವರು, ಅದರಲ್ಲಿ ಎರಡು ಮಾತಿಲ್ಲ. ಆದರೆ 500 ಡಾಲರ್ ತೆತ್ತು ಬಂದು ಲಾಂಡ್ರಿ ಇಟ್ಟವನೂ ಶ್ರಮಪಟ್ಟವನೇ.

ಚೀನೀಯರಿಗೆ ಅಂಥ ಸ್ವಾಗತ ಸಿಕ್ಕಿದ್ದು 1967ರಲ್ಲಿ ಕೆನಡಾ, ಓದು ಕಸುಬು ನೋಡಿ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಪದ್ಧತಿ ತಂದ ನಂತರ. ಹಾಂಗ್‌ಕಾಂಗ್ 1997ರಲ್ಲಿ ಚೀನಾದ ಕೈಗೆ ಹೋಗುವ ಮುಂಚಿನ ವರ್ಷಗಳಲ್ಲಂತೂ ಹಣವಂತರೇ ವ್ಯಾಂಕೂವರ್‌ಗೆ ಬಂದರು. ತಲೆಗಂದಾಯಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2006ರಲ್ಲಿ. ಕಂದಾಯ ಕೊಟ್ಟವರಲ್ಲಿ ಬದುಕಿದ್ದವರು ಆಗ ಬೆರಳೆಣಿಕೆಯಷ್ಟೇ.

ಪ್ರಶ್ನೆ: ಹಂಗೇರಿ ಮೂಲದವರು ಹೆಚ್ಚಿಗೆ ಕಾಣಿಸುವುದೇ ಇಲ್ಲವಲ್ಲ, ಅವರೆಲ್ಲ ಎಲ್ಲಿ ಹೋದರು? (ಓದುಗರು, ಬೆಂಗಳೂರು)

ಉತ್ತರ: ಎಲ್ಲೂ ಹೋಗಿಲ್ಲ, ಬೆರೆತುಹೋಗಿದ್ದಾರೆ. ಅಮೆರಿಕದಲ್ಲಿ ತಾವು ಹಂಗೇರಿ ಮೂಲದವರು ಅಂತ ಬರೆಸುವವರು ಹತ್ತು ಲಕ್ಷಕ್ಕೂ ಮೀರಿ ಇದ್ದಾರೆ. ಅವರಲ್ಲಿ ಮನೆಯಲ್ಲಿ ಆ ಭಾಷೆ ಆಡುವವರು ತೀರಾ ಕಮ್ಮಿ. ಮದುವೆ ಹೊರಗೆ, ಹೆಸರು ಇಂಗ್ಲಿಷಿಗೆ, ಮುಖ ಹೇಗೂ ಬಿಳಿ. ಮೊಮ್ಮಕ್ಕಳಲ್ಲಿ ಕೆಲವರು ಹಂಗೇರಿ ಅಂತ ಬರೆಸುತ್ತಾರೆ, ಕೆಲವರು ಬರೆಸುವುದಿಲ್ಲ. ಹಾಗಾಗಿ "ಹಂಗೇರಿ ಮೂಲದವರ ವರಮಾನ" ಅನ್ನುವ ಅಂಕಿಯೇ ಸ್ವಲ್ಪ ಜಾರುವಂಥದ್ದು. ಅದರೊಳಗೆ ಗಣಿ ಕಾರ್ಮಿಕರ ಮೊಮ್ಮಕ್ಕಳಿದ್ದಾರೆ, 1920ರ ನಂತರ ಯಹೂದಿ ದ್ವೇಷದಿಂದ ತಪ್ಪಿಸಿಕೊಂಡು ಬಂದ ಬುಡಾಪೆಸ್ಟಿನ ಓದಿದ ಮನೆಗಳವರಿದ್ದಾರೆ. ಗಣಿತಜ್ಞ ವಾನ್ ನ್ಯೂಮನ್, ಭೌತವಿಜ್ಞಾನಿಗಳಾದ ವಿಗ್ನರ್, ಟೆಲ್ಲರ್ ಈ ಎರಡನೇ ಗುಂಪಿನವರು. ಕಂಪ್ಯೂಟರ್ ಚಿಪ್ ಕಂಪನಿ ಇಂಟೆಲ್‌ನ ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ 1956ರ ನಂತರದ ನಿರಾಶ್ರಿತ. ಇವರನ್ನು ತೋರಿಸಿ ಯಾರಾದರೂ "ಹಂಗೇರಿಯವರ ತಲೆಯೇ ಗಣಿತಕ್ಕೆ ಹೊಂದಿದ್ದು" ಅಂದರೆ ಡಾರ್ ಗಣಿಯ ಕಥೆ ಹೇಳಿ.

ಚೀನೀ ಮೂಲದವರಿಗೆ ಹೀಗೆ ಕರಗಿಹೋಗುವ ಸೌಕರ್ಯ ಇಲ್ಲ. ನಾಲ್ಕನೇ ತಲೆಮಾರಿನವರನ್ನೂ "ನೀವು ನಿಜವಾಗಿ ಎಲ್ಲಿಯವರು?" ಅಂತ ಕೇಳುವವರಿದ್ದಾರೆ. ಐಟಿ ಕಂಪನಿಗಳಲ್ಲಿ ಇಂಜಿನಿಯರುಗಳಾಗಿ ತುಂಬಿದ್ದರೂ ಮೇಲಿನ ಕುರ್ಚಿಗಳಲ್ಲಿ ಆ ಪ್ರಮಾಣದಲ್ಲಿ ಕಾಣುವುದಿಲ್ಲ. ಹಾಗೆಯೇ ಅವರ ಮನೆ ವರಮಾನದ ಅಂಕಿ ನೋಡುವಾಗ ಎರಡು ವಿಷಯ ನೆನಪಿಡಿ. ಹೆಚ್ಚಿನವರು ಇರುವುದು ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್‌ನಂಥ ದುಬಾರಿ ಊರುಗಳಲ್ಲಿ. ಒಂದು ಮನೆಯಲ್ಲಿ ದುಡಿಯುವ ಕೈಗಳೂ ಜಾಸ್ತಿ. ಓಹಾಯೋದ ಬಾಡಿಗೆಯೂ ಕ್ಯಾಲಿಫೋರ್ನಿಯಾದ ಬಾಡಿಗೆಯೂ ಒಂದೇ ಅಂದುಕೊಂಡು ಹೋಲಿಸಿದರೆ ತಪ್ಪುತ್ತೇವೆ.

ಪ್ರಶ್ನೆ: ಹಂಗೇರಿಯಲ್ಲೇ ಚೀನೀಯರು ಇದ್ದಾರಂತೆ, ನಿಜವೇ? (ಓದುಗರು, ಕುಂದಾಪುರ)

ಉತ್ತರ: ನಿಜ. 1988ರಲ್ಲಿ ಹಂಗೇರಿ ಮತ್ತು ಚೀನಾ ನಡುವೆ ವೀಸಾ ಬೇಡ ಅಂತ ಒಪ್ಪಂದವಾಯಿತು. ಕೆಲವೇ ವರ್ಷಗಳಲ್ಲಿ ಮೂವತ್ತು ನಲವತ್ತು ಸಾವಿರ ಚೀನೀಯರು ಬಂದಿಳಿದರು ಅನ್ನುವ ಅಂದಾಜಿದೆ. 1992ರಲ್ಲಿ ವೀಸಾ ಮತ್ತೆ ಬಂತು, ಬಹಳ ಮಂದಿ ಬೇರೆ ದೇಶಗಳಿಗೆ ಹೋದರು. ಉಳಿದವರು ಬುಡಾಪೆಸ್ಟಿನ ಯೋಜೆಫ್‌ವಾರೋಶ್ ಮಾರುಕಟ್ಟೆಯಲ್ಲಿ ಅಗ್ಗದ ಬಟ್ಟೆ, ಚಪ್ಪಲಿ ಮಾರಿ ನೆಲೆಯೂರಿದರು. ಇವರಲ್ಲಿ ಓದಿದವರೂ ಇದ್ದರು, ಆದರೆ ಕೈ ಹಿಡಿದದ್ದು ವ್ಯಾಪಾರ. ಬೆಳಗಿನಿಂದ ರಾತ್ರಿವರೆಗೆ ಅಂಗಡಿಯಲ್ಲೇ ಇರಬೇಕಾಗಿದ್ದರಿಂದ ಮಕ್ಕಳನ್ನು ನೋಡಿಕೊಳ್ಳಲು ಹಂಗೇರಿಯ ವಯಸ್ಸಾದ ಹೆಂಗಸರಿಗೆ ಸಂಬಳ ಕೊಟ್ಟರು. ಆ ಮಕ್ಕಳು ಹಂಗೇರಿಯನ್ ಭಾಷೆಯನ್ನು ಅಲ್ಲಿಯವರಂತೆಯೇ ಮಾತಾಡುತ್ತಾರೆ. 2004ರಲ್ಲಿ ಬುಡಾಪೆಸ್ಟಿನಲ್ಲಿ ಎರಡೂ ಭಾಷೆಯಲ್ಲಿ ಕಲಿಸುವ ಸರ್ಕಾರಿ ಶಾಲೆಯೂ ಶುರುವಾಯಿತು. ಕೈಯಲ್ಲಿ ಸ್ವಲ್ಪ ಹಣ ಆಡುವ ಮನೆಯವರು ಮಾತ್ರ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಅಲ್ಲಿಂದ ಪಶ್ಚಿಮದ ದೇಶಗಳಿಗೆ ದಾಟಿಸುವ ಲೆಕ್ಕದಲ್ಲೇ ಇರುತ್ತಾರೆ.