ಹೊಟ್ಟೆ ಚಿಕ್ಕದು ಮಾಡಿಸಿದ ಮೇಲೆ ಮುದ್ದೆ ಉಣ್ಣಬಹುದಾ?

ಓದುಗರ ಪ್ರಶ್ನೆಗೆ ಮೈಸೂರಿನ ಆಹಾರ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 41 ವರ್ಷ, ಮದ್ದೂರು ಹತ್ತಿರದ ಹಳ್ಳಿಯವಳು. ಎತ್ತರ 162 ಸೆಂ.ಮೀ., ತೂಕ 112 ಕೆ.ಜಿ. ಆರು ವರ್ಷದಿಂದ ಶುಗರ್ ಇದೆ, ಮಂಡಿ ನೋವು ಬೇರೆ. ಎರಡು ಸಲ ಡಯಟ್ ಮಾಡಿ ಹತ್ತು ಹನ್ನೆರಡು ಕೆ.ಜಿ. ಇಳಿಸಿದ್ದೆ, ಎಲ್ಲಾ ವಾಪಸ್ ಬಂತು. ಡಾಕ್ಟರು ‘ಸ್ಲೀವ್’ ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದಾರೆ. ನಮ್ಮತ್ತೆ ‘ಹಿಟ್ಟು ಉಣ್ಣದೆ ಬದುಕೋದು ಹೆಂಗೆ’ ಅಂತಾರೆ. ತಂಗಿ ಇಂಜೆಕ್ಷನ್ ಸಾಕು ಅಂತಾಳೆ. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ನಿಮ್ಮತ್ತೆ ಕೇಳಿದ್ದೇ ಸರಿಯಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 42.7. ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಗಳು 2022ರಲ್ಲಿ ಕೊಟ್ಟ ಸಲಹೆ ಪ್ರಕಾರ, 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಮಾಡಬಹುದು. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು. ಅಂದರೆ ಡಾಕ್ಟರು ಸುಮ್ನೆ ಹೇಳಿಲ್ಲ. ತಂಗಿ ಹೇಳಿದ್ದೂ ತಪ್ಪಲ್ಲ. 2025ರಲ್ಲಿ ನಮ್ಮ ದೇಶಕ್ಕೆ ಬಂದ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ತೂಕ ಚೆನ್ನಾಗಿಯೇ ಇಳಿಸುತ್ತವೆ. ಆದರೆ ನಿಲ್ಲಿಸಿದರೆ ಇಳಿದದ್ದರಲ್ಲಿ ಹೆಚ್ಚಿನ ಪಾಲು ವಾಪಸ್ ಬರುತ್ತದೆ. ವರ್ಷಗಟ್ಟಲೆ ಖರ್ಚು ತಡೆಯುತ್ತೀರಾ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ. ನಿಮ್ಮಷ್ಟು ತೂಕ, ಜೊತೆಗೆ ಶುಗರ್ ಇರುವವರಿಗೆ ನನ್ನ ಒಲವು ಆಪರೇಷನ್ ಕಡೆಗೇ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಹೋಟೆಲಿನ ಕಾಫಿ ಲೋಟದಲ್ಲಿ ಹಿಡಿಸುವಷ್ಟೇ ಅದರಲ್ಲಿ ಹಿಡಿಸುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿದ ಭಾಗದಲ್ಲೇ. ಹಾಗಾಗಿ ಹಸಿವೂ ಕಮ್ಮಿಯಾಗುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗಲ್ಲ, ಇದು ನೆನಪಿರಲಿ. ಎದೆಯುರಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಸ್ಲೀವ್ ಆದ ಮೇಲೆ ಎದೆಯುರಿ ಜಾಸ್ತಿ ಆಗುವುದುಂಟು. ಅಂಥವರಿಗೆ ಬೈಪಾಸ್ ವಾಸಿ. ಇದು ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯನ್ನು ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್. ಶುಗರ್ ಹತೋಟಿಗೂ ಬೈಪಾಸ್ ಒಂದು ಕೈ ಮೇಲು, ಆದರೆ ವಿಟಮಿನ್ ಕೊರತೆಯೂ ಅದರಲ್ಲೇ ಹೆಚ್ಚು. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡುವುದು) ಮಾಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ.

ತೂಕ ಎಷ್ಟು ಇಳಿಯುತ್ತೆ? ಸ್ಲೀವ್‌ನಲ್ಲಿ ಒಂದೆರಡು ವರ್ಷದೊಳಗೆ ಸರಾಸರಿ ಕಾಲು ಭಾಗ. ಅಂದರೆ ನೀವು 85ರ ಆಸುಪಾಸಿಗೆ ಬರಬಹುದು. 55 ಕೆ.ಜಿ.ಯ ಕನಸು ಬೇಡ. ಆದರೆ 27 ಕೆ.ಜಿ. ಅಂದರೆ ಒಂದು ಅಕ್ಕಿ ಮೂಟೆಗಿಂತ ಜಾಸ್ತಿ. ಅಷ್ಟು ಭಾರ ನಿಮ್ಮ ಮಂಡಿ ಮೇಲಿಂದ ಇಳಿಯುತ್ತೆ ಅಲ್ವಾ?

ಈಗ ಹಿಟ್ಟಿನ ವಿಚಾರ. ಮಂಡ್ಯದವರು ಮುದ್ದೆ ಅಗಿಯುವುದಿಲ್ಲ. ಬೆರಳಲ್ಲಿ ಮುರಿದು, ಬಸ್ಸಾರಲ್ಲಿ ಹೊರಳಿಸಿ, ಗುಳುಂ ಅನ್ನಿಸುತ್ತೇವೆ. ಅಗಿಯುವವರನ್ನು ಕಂಡರೆ ನಗುತ್ತೇವೆ. ಆಪರೇಷನ್ ಆದ ಹೊಟ್ಟೆಗೆ ಈ ಗುಳುಂ ಆಗುವುದಿಲ್ಲ. ತುತ್ತು ಎದೆಯಲ್ಲೇ ನಿಂತಂತಾಗುತ್ತದೆ, ಬಾಯಲ್ಲಿ ನೀರೂರುತ್ತದೆ, ಕೊನೆಗೆ ವಾಂತಿ. ರಾಗಿಯದು ತಪ್ಪಲ್ಲ, ನುಂಗಿದ್ದು ತಪ್ಪು. ಮೊದಲ ಎರಡು ವಾರ ಬರೀ ನೀರಾಳದ್ದು: ಬೇಳೆ ಕಟ್ಟು, ಮಜ್ಜಿಗೆ, ಪ್ರೋಟೀನ್ ಪುಡಿ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಮಾಮೂಲಿ ಊಟಕ್ಕೆ ಒಂದೂವರೆ ಎರಡು ತಿಂಗಳು ಬೇಕು. ಅಷ್ಟು ಹೊತ್ತಿಗೆ ರಾಗಿ ಗಂಜಿ ಒಗ್ಗಿರುತ್ತದೆ. ಮುದ್ದೆ ಕೊನೆಗೆ ಬರಲಿ. ನಿಂಬೆಕಾಯಿ ಗಾತ್ರ ಸಾಕು, ಅದನ್ನೂ ಅಗಿದೇ ತಿನ್ನಬೇಕು.

ತಟ್ಟೆಯಲ್ಲಿ ಮೊದಲು ಖಾಲಿಯಾಗಬೇಕಾದದ್ದು ಮುದ್ದೆಯಲ್ಲ, ಪ್ರೋಟೀನ್. ದಿನಕ್ಕೆ ಕಮ್ಮಿ ಅಂದರೂ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ಹಾಗಾಗಿ ಮೊದಮೊದಲು ಪ್ರೋಟೀನ್ ಪುಡಿ ಬೇಕೇ ಬೇಕು. ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪರ್ಯಂತ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಿದರೆ ಗಾಬರಿ ಬೇಡ, ಊಟ ಸರಿಯಿದ್ದರೆ ಮತ್ತೆ ಬರುತ್ತದೆ. ಶುಗರ್ ಮೊದಲ ವಾರದಲ್ಲೇ ಇಳಿಯಬಹುದು. ಹಳೇ ಮಾತ್ರೆಯನ್ನು ಹಳೇ ಲೆಕ್ಕದಲ್ಲೇ ನುಂಗಿದರೆ ತಲೆ ಸುತ್ತಿ ಬೀಳುತ್ತೀರಿ. ಡಿಸ್ಚಾರ್ಜ್ ದಿನವೇ ಡೋಸು ಕೇಳಿ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಜ್ವರ, ಜೋರು ಎದೆಬಡಿತ, ಬಿಡದ ಹೊಟ್ಟೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆಯೊಳಗಿನ ಹೊಲಿಗೆ ಸೋರುತ್ತಿರಬಹುದು.

ನಾನು ಯಾರಿಗೂ ತಕ್ಷಣ ‘ಮಾಡಿಸಿ’ ಅನ್ನುವುದಿಲ್ಲ. ಮೂರು ವಾರ ಈಗಿನ ಹೊಟ್ಟೆಯಲ್ಲೇ ಅಭ್ಯಾಸ ಮಾಡಿ. ಚಿಕ್ಕ ತಟ್ಟೆ, ಅರ್ಧ ಗಂಟೆಯ ಊಟ, ನಡುವೆ ನೀರಿಲ್ಲ, ಮುದ್ದೆ ಅಗಿದು. ಹಸಿವಾಗುತ್ತೆ, ಆಗಲಿ. ನೋಡಬೇಕಾದದ್ದು ನಿಮ್ಮ ಅಭ್ಯಾಸ ಬದಲಾಗುತ್ತಾ ಅಂತ. ಮುಂದಿನ ಸಲ ಅತ್ತೆಯನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಡಿಸುವವರು ಒಪ್ಪದಿದ್ದರೆ ಉಣ್ಣುವವರ ಪಥ್ಯ ನಡೆಯಲ್ಲ. ಬೀಗರೂಟದಲ್ಲಿ ‘ಇನ್ನೊಂದ್ ಪೀಸು’ ಅಂತ ಎಲೆಗೆ ಹಾಕುವವರನ್ನು ತಡೆಯುವುದಕ್ಕೂ ಅತ್ತೆಯೇ ಬೇಕು.

ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಇರುವವರಿಗೆ ಸಿಗುವ ಅವಕಾಶ ಇದೆ. ಪಾಲಿಸಿ ಮಾಡಿಸಿದ ಮೇಲೆ ಕಾಯಬೇಕಾದ ಅವಧಿ ಮುಗಿದಿರಬೇಕು.

ಪ್ರಶ್ನೆ: ಮೈಸೂರಿನವನು, 36 ವರ್ಷ. ಹೊಟ್ಟೆಯ ಬೈಪಾಸ್ ಆಗಿ 14 ತಿಂಗಳಾಯಿತು, 34 ಕೆ.ಜಿ. ಇಳಿದೆ. ಮೊನ್ನೆ ಮದುವೆಯಲ್ಲಿ ಎರಡು ಮೈಸೂರು ಪಾಕ್ ತಿಂದೆ. ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಭೇದಿ. ಹಾರ್ಟ್ ಅಟ್ಯಾಕ್ ಅಂತ ಎಲ್ಲರೂ ಹೆದರಿದರು. ಈಗ ಸಿಹಿ ಮುಟ್ಟಲೇಬಾರದಾ?

ಉತ್ತರ: ನೀವು ಹೇಳುವ ಲಕ್ಷಣ ‘ಡಂಪಿಂಗ್’ ಥರ ಇದೆ. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಇಳಿದರೆ ಹೀಗಾಗುತ್ತದೆ. ಕಬ್ಬಿನ ಹಾಲು ಕುಡಿದರೂ ಇದೇ ಕಥೆ. ಆದರೂ ಎದೆನೋವು ಬಂದರೆ ಡಂಪಿಂಗ್ ಅಂತ ನೀವೇ ತೀರ್ಮಾನ ಮಾಡಬೇಡಿ, ಇಸಿಜಿ ಮಾಡಿಸಿ. ಸಿಹಿ ತಿನ್ನಲೇಬೇಕು ಅಂದರೆ ಊಟವಾದ ಮೇಲೆ ಒಂದು ಚೂರು, ಖಾಲಿ ಹೊಟ್ಟೆಯಲ್ಲಂತೂ ಬೇಡ. ತಿಂದು ಒಂದರಿಂದ ಮೂರು ಗಂಟೆಯ ನಂತರ ಕೈ ನಡುಗಿ ಕಣ್ಣು ಕತ್ತಲೆ ಬಂದರೆ ಅದು ಬೇರೆ, ಶುಗರ್ ಕುಸಿದಿರಬಹುದು. ಗ್ಲೂಕೋಮೀಟರಲ್ಲಿ ನೋಡಿ, ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಅಂದಹಾಗೆ, ಒಂದು ವರ್ಷದ ರಕ್ತಪರೀಕ್ಷೆ ಮಾಡಿಸಿದ್ದೀರಾ ಅಂತ ಬರೆದಿಲ್ಲ. ಬಿ12, ಕಬ್ಬಿಣ, ವಿಟಮಿನ್ ಡಿ ಮೂರನ್ನೂ ಈ ವಾರವೇ ನೋಡಿಸಿ.