ಭಾಷೆಯ ಪ್ರಶ್ನೆಗಳು: ಇಂಗ್ಲಿಷಿನ ಪ್ರಾಸಪದಗಳನ್ನು ಹುಡುಕುವುದು ಹೇಗೆ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಹೋಂವರ್ಕಿನಲ್ಲಿ ಬರುವ ‘ರೈಮಿಂಗ್ ವರ್ಡ್ಸ್’ ಕುರಿತಾಗಿವೆ. ಆದ್ದರಿಂದ ಅದೇ ವಿಷಯದ ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ‘ಬ್ರೇಕ್’ ಪದಕ್ಕೆ ‘ಸ್ಪೀಕ್’ ಎಂದೂ ‘ಬ್ಲಡ್’ ಪದಕ್ಕೆ ‘ಫುಡ್’ ಎಂದೂ ಪ್ರಾಸಪದ ಬರೆದಿದ್ದಳು. ಕೊನೆಯ ಅಕ್ಷರಗಳು ಒಂದೇ ಆಗಿದ್ದರೂ ಶಿಕ್ಷಕಿ ಎರಡನ್ನೂ ತಪ್ಪೆಂದು ಗುರುತು ಹಾಕಿದ್ದಾರೆ. ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಮನೆಯಲ್ಲಿ ಹೇಳಿಕೊಡುವುದು ಹೇಗೆ?
— ಶಿವಮೊಗ್ಗದ ಓದುಗರು

ಉತ್ತರ: ಶಿಕ್ಷಕಿ ಮಾಡಿದ್ದು ಸರಿ. ನಿಮ್ಮ ಮಗಳು ಎಡವಿದ ಜಾಗವೂ ಸಹಜವಾದದ್ದೇ, ಏಕೆಂದರೆ ಅವಳು ಕಣ್ಣಿನಿಂದ ಪ್ರಾಸ ಹುಡುಕಿದ್ದಾಳೆ. ಬರೆದಂತೆ ಓದುವ ಕನ್ನಡದಲ್ಲಿ ಕಣ್ಣಿಗೂ ಕಿವಿಗೂ ಅಷ್ಟಾಗಿ ಜಗಳವಿಲ್ಲ, ಇಂಗ್ಲಿಷಿನಲ್ಲಿ ಇದೆ. ಅಲ್ಲಿ ಪ್ರಾಸವನ್ನು ತೀರ್ಮಾನಿಸುವುದು ಧ್ವನಿಯೇ ಹೊರತು ಸ್ಪೆಲಿಂಗ್ ಅಲ್ಲ. ‘ಇ’ ಮತ್ತು ‘ಎ’ ಜೊತೆಯಾಗಿ ಬಂದಾಗ ಸಾಮಾನ್ಯವಾಗಿ ‘ಸ್ಪೀಕ್’, ‘ವೀಕ್’, ‘ಲೀಕ್’ ಎಂಬಂತೆ ಈಕಾರ ಕೇಳುತ್ತದೆ; ಆದರೆ ‘ಬ್ರೇಕ್’, ‘ಗ್ರೇಟ್’, ‘ಸ್ಟೇಕ್’ ಎಂಬ ಮೂರು ಪರಿಚಿತ ಪದಗಳು ಮಾತ್ರ ಹಳೆಯ ಏಕಾರವನ್ನು ಬಿಟ್ಟುಕೊಡದೆ ಉಳಿದಿವೆ. ಹಾಗೆಯೇ ಎರಡು ‘ಓ’ಗಳು ‘ಬ್ಲಡ್’ನಲ್ಲಿ ಅಕಾರದಂತೆ, ‘ಗುಡ್’ನಲ್ಲಿ ಹ್ರಸ್ವ ಉಕಾರದಂತೆ, ನಾವು ‘ಫುಡ್’ ಎಂದು ಮೊಟಕಾಗಿ ಬರೆದರೂ ದೀರ್ಘವಾಗಿಯೇ ಹೇಳಬೇಕಾದ ‘ಫೂಡ್’ನಲ್ಲಿ ಊಕಾರದಂತೆ ಉಚ್ಚಾರವಾಗುತ್ತವೆ. ‘ಬ್ಲಡ್’ಗೆ ಪ್ರಾಸವಾಗುವುದು ‘ಮಡ್’ ಮತ್ತು ‘ಫ್ಲಡ್’. ‘ಗುಡ್’ಗೆ ‘ವುಡ್’ ಮತ್ತು ‘ಶುಡ್’. ‘ಫೂಡ್’ಗೆ ‘ಮೂಡ್’ ಮತ್ತು ‘ರೂಡ್’.

ಹುಡುಕುವುದಕ್ಕೆ ನಮ್ಮ ವರ್ಣಮಾಲೆಯೇ ಒಳ್ಳೆಯ ಸಾಧನ. ಕೊಟ್ಟ ಪದದ ಮೊದಲ ಸ್ವರದ ಹಿಂದಿರುವ ವ್ಯಂಜನಗಳನ್ನೆಲ್ಲ ಕಳಚಿ, ಉಳಿದ ಭಾಗಕ್ಕೆ ಕಕಾರದಿಂದ ಆರಂಭಿಸಿ ಒಂದೊಂದೇ ವ್ಯಂಜನವನ್ನು ಜೋಡಿಸುತ್ತಾ ಬಾಯಿಬಿಟ್ಟು ಹೇಳಿಸಿ. ‘ಬ್ರೇಕ್’ನಲ್ಲಿ ಉಳಿಯುವುದು ‘ಏಕ್’. ‘ಕೇಕ್’ ಇದೆ, ‘ಗೇಕ್’ ಇಲ್ಲ, ‘ಟೇಕ್’ ಇದೆ, ‘ಫೇಕ್’, ‘ಬೇಕ್’, ‘ಮೇಕ್’, ‘ರೇಕ್’, ‘ಲೇಕ್’, ‘ವೇಕ್’, ‘ಶೇಕ್’, ‘ಸೇಕ್’ ಇವೆ. ಆಮೇಲೆ ಒತ್ತಕ್ಷರಗಳಿಗೆ ಬಂದರೆ ‘ಫ್ಲೇಕ್’, ‘ಸ್ನೇಕ್’, ‘ಸ್ಟೇಕ್’ ಸಿಗುತ್ತವೆ. ಏನನ್ನೂ ಜೋಡಿಸದ ಬರಿಯ ‘ಏಕ್’ ಕೂಡ ನೋವು ಎಂಬರ್ಥದ ಒಂದು ಪದವೇ. ಅದರ ಸ್ಪೆಲಿಂಗ್ ‘ಎ ಸಿ ಎಚ್ ಇ’ ಎಂದಿರುವುದರಿಂದ ಕಣ್ಣಿನಿಂದ ಹುಡುಕುವವರಿಗೆ ಅದು ಎಂದೂ ಸಿಗುವುದಿಲ್ಲ. ಹೀಗೆ ಹೇಳುವಾಗ ‘ಗೇಕ್’ನಂತಹ ಅರ್ಥವಿಲ್ಲದ ಪದಗಳೂ ಬರುತ್ತವೆ, ಮಗು ನಗುತ್ತದೆ, ನಗಲಿ. ಇದೆ ಅಥವಾ ಇಲ್ಲ ಎಂದು ನಿಘಂಟು ತೆಗೆದು ನೋಡುವ ಅಭ್ಯಾಸ ಶುರುವಾಗುವುದು ಅಲ್ಲಿಂದಲೇ. ಪದವನ್ನು ಧ್ವನಿಯಿಂದ ಹುಡುಕಿದ ನಂತರವೇ ಸ್ಪೆಲಿಂಗ್ ಬರೆಸಬೇಕು; ಕ್ರಮ ತಿರುವುಮುರುವಾದರೆ ಮತ್ತೆ ಹಳೆಯ ತಪ್ಪೇ ಬರುತ್ತದೆ.

ಪ್ರಶ್ನೆ: ಉಚ್ಚಾರಣೆ ನೆನಪಿರಲೆಂದು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುತ್ತೇನೆ. ಇದರಿಂದ ಪ್ರಾಸ ಗುರುತಿಸುವುದು ಸುಲಭವಾಗುತ್ತದೆಯೇ?
— ಹಾಸನದ ಓದುಗರು

ಉತ್ತರ: ಬಹುಮಟ್ಟಿಗೆ ಆಗುತ್ತದೆ. ಹ್ರಸ್ವ ದೀರ್ಘಗಳ ವ್ಯತ್ಯಾಸವನ್ನು ಕನ್ನಡ ಲಿಪಿ ಇಂಗ್ಲಿಷ್ ಸ್ಪೆಲಿಂಗಿಗಿಂತ ಎಷ್ಟೋ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಕೆಲವು ಕಡೆ ಅದು ಕೈಕೊಡುತ್ತದೆ, ಅವುಗಳಲ್ಲಿ ಮುಖ್ಯವಾದದ್ದು ಪದದ ಕೊನೆಯ ಸಕಾರ. ಬೆಲೆಯನ್ನೂ ‘ಪ್ರೈಸ್’ ಎಂದು ಬರೆಯುತ್ತೇವೆ, ಬಹುಮಾನವನ್ನೂ ‘ಪ್ರೈಸ್’ ಎಂದೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದರ ಕೊನೆಯಲ್ಲಿ ಶುದ್ಧ ಸಕಾರವಿದೆ, ಎರಡನೆಯದರಲ್ಲಿ ಕೊರಳ ಮೇಲೆ ಬೆರಳಿಟ್ಟರೆ ಕಂಪನ ತಿಳಿಯುವಂತಹ ನಾದದ ಧ್ವನಿಯಿದೆ. ಆದ್ದರಿಂದ ಬೆಲೆಯ ‘ಪ್ರೈಸ್’ಗೆ ‘ಐಸ್’, ‘ಟ್ವೈಸ್’ ಮತ್ತು ಅಕ್ಕಿಯ ‘ರೈಸ್’ ಪ್ರಾಸವಾದರೆ, ಬಹುಮಾನದ ‘ಪ್ರೈಸ್’ಗೆ ‘ಸೈಜ್’ ಮತ್ತು ಏಳುವುದು ಎಂಬರ್ಥದ ‘ರೈಸ್’ ಪ್ರಾಸವಾಗುತ್ತವೆ. ಅಳತೆಯ ‘ಸೈಜ್’ಗೆ ಜಕಾರವನ್ನು ತಪ್ಪದೆ ಹಾಕುವ ನಾವು ಬಹುಮಾನಕ್ಕೆ ಮಾತ್ರ ಏಕೆ ಹಾಕುವುದಿಲ್ಲವೋ!

‘ಲೂಸ್’ ಎಂಬುದರ ಕಥೆಯೂ ಇದೇ. ಸಡಿಲ ಎಂಬರ್ಥದ್ದು ‘ಜ್ಯೂಸ್’ ಮತ್ತು ‘ಗೂಸ್’ ಪದಗಳ ಜೊತೆಗೂ, ಕಳೆದುಕೊಳ್ಳು ಎಂಬರ್ಥದ್ದು ‘ನ್ಯೂಸ್’ ಮತ್ತು ‘ಶೂಸ್’ ಪದಗಳ ಜೊತೆಗೂ ಹೋಗುತ್ತದೆ. ಸಲಹೆ ಎಂಬ ನಾಮಪದವಾದ ‘ಅಡ್ವೈಸ್’ ಬೆಲೆಯ ಗುಂಪಿನದು, ಸಲಹೆ ಕೊಡು ಎಂಬ ಕ್ರಿಯಾಪದ ಬಹುಮಾನದ ಗುಂಪಿನದು. ಅಂದರೆ ಪ್ರಾಸವನ್ನು ಸರಿಯಾಗಿ ಕೇಳಿಸಿಕೊಂಡ ಮಗುವಿಗೆ ಅದರ ಅರ್ಥ ಮತ್ತು ಸ್ಪೆಲಿಂಗಿನ ಅರ್ಧ ದಾರಿಯೂ ಸವೆದಂತೆಯೇ. ಇನ್ನು, ‘ಬಸ್ಸು’, ‘ಕಾರು’ ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ರೂಢಿಯನ್ನು ಈ ಪಟ್ಟಿಗಳಲ್ಲಿ ತರಬೇಡಿ. ಎಲ್ಲ ಪದಗಳೂ ಉಕಾರದಲ್ಲಿ ಮುಗಿದು, ಪ್ರಾಸವಲ್ಲದ್ದೂ ಪ್ರಾಸದಂತೆ ಕೇಳಿಸುತ್ತದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಬರೆದ ಇಂಗ್ಲಿಷ್ ಪದ್ಯದಲ್ಲಿ ‘ಸಿಂಗಿಂಗ್’ ಪದಕ್ಕೆ ‘ರನ್ನಿಂಗ್’ ಪ್ರಾಸವಾಗಿತ್ತು. ಅತಿಥಿಗಳೊಬ್ಬರು ಅದು ಪ್ರಾಸವೇ ಅಲ್ಲ ಎಂದರು. ಎರಡೂ ‘ಇಂಗ್’ನಲ್ಲಿ ಮುಗಿಯುವಾಗ ಅದು ಹೇಗೆ ಪ್ರಾಸವಲ್ಲ?
— ಹಾವೇರಿಯ ಶಿಕ್ಷಕರು

ಉತ್ತರ: ಅತಿಥಿಗಳ ಮಾತು ಇಂಗ್ಲಿಷಿನ ನಿಯಮಕ್ಕೆ ಅನುಗುಣವಾಗಿಯೇ ಇದೆ. ಪ್ರತಿ ಇಂಗ್ಲಿಷ್ ಪದದಲ್ಲಿಯೂ ಒಂದು ಸ್ವರದ ಮೇಲೆ ಉಳಿದವುಗಳಿಗಿಂತ ಹೆಚ್ಚಿನ ಒತ್ತು ಬೀಳುತ್ತದೆ. ಆ ಸ್ವರದಿಂದ ಹಿಡಿದು ಪದದ ತುದಿಯವರೆಗಿನ ಧ್ವನಿಯೆಲ್ಲ ಒಂದೇ ಆಗಿದ್ದು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿದ್ದರೆ ಅದು ಪೂರ್ಣ ಪ್ರಾಸ. ‘ಸಿಂಗಿಂಗ್’ನಲ್ಲಿ ಒತ್ತು ಇರುವುದು ಮೊದಲ ಭಾಗದ ಮೇಲೆ, ಆದ್ದರಿಂದ ಅದಕ್ಕೆ ‘ರಿಂಗಿಂಗ್’ ಅಥವಾ ‘ಬ್ರಿಂಗಿಂಗ್’ ಬೇಕು. ‘ರನ್ನಿಂಗ್’ಗೆ ‘ಕನ್ನಿಂಗ್’ ಬೇಕು. ‘ನೇಷನ್’ ಮತ್ತು ‘ಸ್ಟೇಷನ್’ ಪ್ರಾಸ, ಆದರೆ ‘ನೇಷನ್’ ಮತ್ತು ‘ಮಿಷನ್’ ಅಲ್ಲ. ಕೊನೆಯ ಅಕ್ಷರ ಕೂಡಿದರೆ ಸಾಕೆನ್ನುವ ಅಂತ್ಯಪ್ರಾಸದ ಅಭ್ಯಾಸವಿರುವ ನಮ್ಮ ಕಿವಿಗೆ ಇದು ತುಸು ಕಟ್ಟುನಿಟ್ಟೆನಿಸುತ್ತದೆ. ನಮ್ಮ ಹಳೆಯ ಕವಿಗಳ ಕಟ್ಟುನಿಟ್ಟು ಬೇರೆಯದೇ ಜಾಗದಲ್ಲಿತ್ತು: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಆದಿಪ್ರಾಸವನ್ನು ಶತಮಾನಗಳ ಕಾಲ ಪಾಲಿಸಿದರು, 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಬಿಟ್ಟು ಬರೆಯುವ ಧೈರ್ಯ ಮಾಡಿದರು. ಇಷ್ಟೆಲ್ಲ ಹೇಳಿದರೂ, ವಾರ್ಷಿಕೋತ್ಸವದ ವೇದಿಕೆಯ ಮೇಲೆ ಮಕ್ಕಳ ಪದ್ಯವನ್ನು ಈ ಒರೆಗಲ್ಲಿಗೆ ಹಚ್ಚಬೇಕಾದ ಅಗತ್ಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮಗ ಪ್ರಾಸಪದಗಳ ಪಟ್ಟಿಯನ್ನು ಗಿಳಿಪಾಠದಂತೆ ಒಪ್ಪಿಸುತ್ತಾನೆ, ಆದರೆ ಅರ್ಥ ಕೇಳಿದರೆ ಬಾಯಿ ಬಿಡುವುದಿಲ್ಲ. ಅರ್ಥವನ್ನು ಕಲಿಸುವ ಸರಿಯಾದ ದಾರಿ ಯಾವುದು?
— ಬಳ್ಳಾರಿಯ ಓದುಗರು

ಉತ್ತರ: ಪಟ್ಟಿಯನ್ನು ಚಿಕ್ಕದು ಮಾಡುವುದೇ ಮೊದಲ ದಾರಿ. ಹತ್ತು ಪದ ಗೊತ್ತಿದ್ದು ಅರ್ಥ ಗೊತ್ತಿಲ್ಲದಿರುವುದಕ್ಕಿಂತ, ನಾಲ್ಕು ಪದಗಳನ್ನು ವಾಕ್ಯದಲ್ಲಿ ಬಳಸಲು ಬರುವುದು ಮೇಲು. ಒಂದು ಪದಕ್ಕೆ ಎದುರಾಗಿ ಒಂದೇ ಕನ್ನಡ ಪದ ಬರೆಸುವ ಪದ್ಧತಿಯಿಂದ ತೊಂದರೆಯೇ ಹೆಚ್ಚು. ‘ಸೇಕ್’ ಎಂಬುದನ್ನೇ ನೋಡಿ: ಅದು ತಾನೊಂದೇ ನಿಲ್ಲುವುದು ಅಪರೂಪ, ‘ಫಾರ್ ದ ಸೇಕ್ ಆಫ್’ ಎಂಬ ಜೋಡಣೆಯಲ್ಲಿ ‘ಸಲುವಾಗಿ’ ಎಂಬರ್ಥ ಕೊಡುತ್ತದೆ. ‘ರೇಕ್’ ಎಂದರೆ ತರಗೆಲೆ ಗುಡ್ಡೆ ಮಾಡುವ, ಉದ್ದ ಹಿಡಿಯ, ಹಲ್ಲುಗಳಿರುವ ಸಲಕರಣೆ. ಚಿತ್ರ ತೋರಿಸಿದರೆ ಒಂದು ಕ್ಷಣದ ಕೆಲಸ, ಮಾತಿನಲ್ಲಿ ವಿವರಿಸಿದರೆ ಅರ್ಧ ಪುಟ. ‘ಬ್ರೇಕ್’ ಎಂಬ ಒಂದೇ ಧ್ವನಿಯಲ್ಲಿ ಮುರಿಯುವುದೂ ಇದೆ, ವಾಹನ ನಿಲ್ಲಿಸುವ ಸಾಧನವೂ ಇದೆ, ಎರಡರ ಸ್ಪೆಲಿಂಗ್ ಬೇರೆ.

ಕೆಲವು ಪದಗಳಲ್ಲಿ ಅರ್ಥ ಗೊತ್ತಾಗದೆ ಪ್ರಾಸವನ್ನೇ ಹೇಳಲಾಗದು. ‘ಟಿ ಇ ಎ ಆರ್’ ಎಂದು ಬರೆದಿದ್ದರೆ, ಅದು ಕಣ್ಣೀರಾದಾಗ ‘ಟಿಯರ್’, ಆಗ ‘ಡಿಯರ್’ ಮತ್ತು ‘ನಿಯರ್’ ಅದಕ್ಕೆ ಪ್ರಾಸ. ಹರಿ ಎಂಬರ್ಥದಲ್ಲಿ ‘ಟೇರ್’, ಆಗ ‘ಕೇರ್’ ಮತ್ತು ‘ಬೇರ್’ ಪ್ರಾಸ. ‘ಬಿ ಓ ಡಬ್ಲ್ಯು’ ಬಿಲ್ಲಾದರೆ ‘ಬೋ’, ತಲೆಬಾಗುವುದಾದರೆ ‘ಬೌ’. ಗಾಳಿಯ ‘ವಿಂಡ್’ ಮತ್ತು ದಾರ ಸುತ್ತುವ ‘ವೈಂಡ್’ ಬರೆಯುವುದು ಒಂದೇ ರೀತಿ. ಇದಕ್ಕೆ ವಿರುದ್ಧವಾಗಿ, ಹೂವಿನ ‘ಫ್ಲವರ್’ ಮತ್ತು ಹಿಟ್ಟಿನ ‘ಫ್ಲವರ್’ ಧ್ವನಿಯಲ್ಲಿ ಪೂರ್ತಿ ಒಂದೇ; ಹಿಂದಿನ ವ್ಯಂಜನವೂ ಬೇರೆಯಾಗದ ಕಾರಣ ಇಂಗ್ಲಿಷ್ ಪದ್ಯದಲ್ಲಿ ಇಂಥ ಜೋಡಿಯನ್ನು ಒಳ್ಳೆಯ ಪ್ರಾಸವೆಂದು ಎಣಿಸುವುದಿಲ್ಲ. ಮನೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಇದ್ದರೆ, ಪದದ ಪಕ್ಕದಲ್ಲಿರುವ ನಾಮಪದ, ಕ್ರಿಯಾಪದ ಎಂಬ ಸೂಚನೆಯನ್ನು ಮೊದಲು ಓದಿಸಿ, ಆಮೇಲೆ ಅರ್ಥಕ್ಕೆ ಹೋಗಿ.

ಪ್ರಶ್ನೆ: ಇಂಗ್ಲಿಷಿನ ದೊಡ್ಡ ಕವಿಗಳೇ ‘ಲವ್’ ಪದಕ್ಕೆ ‘ಪ್ರೂವ್’ ಎಂದು ಪ್ರಾಸ ಕಟ್ಟಿದ್ದಾರೆ. ಅವರಿಗೊಂದು ನ್ಯಾಯ, ಮಕ್ಕಳಿಗೊಂದು ನ್ಯಾಯವೇ?
— ಧಾರವಾಡದ ನಿವೃತ್ತ ಓದುಗರು

ಉತ್ತರ: ಆ ಕವಿಗಳ ಕಾಲದ ಉಚ್ಚಾರಣೆ ಇಂದಿನದಲ್ಲ. ಸುಮಾರು 1400ರಿಂದ 1700ರವರೆಗಿನ ಅವಧಿಯಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದೊಂದಾಗಿ ಸ್ಥಾನ ಬದಲಿಸಿದವು. ಇದೇ ನಡುವೆ, 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ ನಂತರ, ಸ್ಪೆಲಿಂಗ್ ಕ್ರಮೇಣ ಅಚ್ಚಿನಲ್ಲಿ ಗಟ್ಟಿಯಾಗುತ್ತಾ ಹೋಯಿತು. ಬಾಯಿ ಮುಂದೆ ನಡೆಯಿತು, ಬರಹ ಹಿಂದೆ ಉಳಿಯಿತು. ‘ಓ ಯು ಜಿ ಎಚ್’ ಎಂಬ ನಾಲ್ಕೇ ಅಕ್ಷರಗಳು ‘ಟಫ್’, ‘ಕಾಫ್’, ‘ದೋ’, ‘ಥ್ರೂ’, ‘ಬೌ’ ಎಂದು ಐದು ಬಗೆಯಾಗಿ ಕೇಳಿಸುವುದು ಈ ಬೇರ್ಪಡೆಯ ಫಲ. ಷೇಕ್ಸ್‌ಪಿಯರ್‌ನ ಸಾನೆಟ್ಟುಗಳಲ್ಲಿ ಬರುವ ನೀವು ಹೇಳಿದ ಜೋಡಿಯ ಸ್ವರಗಳು ಅವನ ಕಾಲದಲ್ಲಿ ಇಂದಿಗಿಂತ ಹತ್ತಿರವಾಗಿದ್ದವೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಇನ್ನೂ ಸ್ಪಷ್ಟವಾದ ಉದಾಹರಣೆ 18ನೆಯ ಶತಮಾನದ ಆರಂಭದ ಕವಿ ಅಲೆಕ್ಸಾಂಡರ್ ಪೋಪ್‌ನದು: ಅವನು ‘ಒಬೇ’ ಎಂಬ ಪದಕ್ಕೆ ಚಹಾವನ್ನು ಪ್ರಾಸವಾಗಿಸಿದ್ದಾನೆ, ಏಕೆಂದರೆ ಆಗ ಚಹಾವನ್ನು ‘ಟೇ’ ಎನ್ನುತ್ತಿದ್ದರು. ಮುಂದಿನ ಕವಿಗಳು ಹಿರಿಯರ ಆಧಾರದ ಮೇಲೆ ‘ಲವ್’, ‘ಪ್ರೂವ್’ನಂತಹ ಜೋಡಿಗಳನ್ನು ಕಣ್ಣಿನ ಪ್ರಾಸವೆಂದು ಉಳಿಸಿಕೊಂಡರು. ಪರೀಕ್ಷೆಯಲ್ಲಿ ಮಾತ್ರ ಅವು ನಡೆಯುವುದಿಲ್ಲ.

ಪ್ರಶ್ನೆ: ‘ಆರೆಂಜ್’ಗೆ ಪ್ರಾಸಪದವೇ ಇಲ್ಲವಂತೆ, ನಿಜವೇ?
— ಉಡುಪಿಯ ವಿದ್ಯಾರ್ಥಿನಿ

ಉತ್ತರ: ದಿನಬಳಕೆಯ ಪದಗಳಲ್ಲಿ ಇಲ್ಲ. ವೇಲ್ಸ್ ಪ್ರಾಂತದ ‘ಬ್ಲಾರೆಂಜ್’ ಎಂಬ ಬೆಟ್ಟದ ಹೆಸರು ಕೂಡುತ್ತದೆ, ಅಷ್ಟೆ. ‘ಮಂತ್’ ಪದಕ್ಕೂ ಇದೇ ಗತಿ. ‘ಸಿಲ್ವರ್’ಗೆ ದೊಡ್ಡ ನಿಘಂಟುಗಳಲ್ಲಿ ಹೆಣ್ಣು ಕುರಿಮರಿ ಎಂಬರ್ಥದ ‘ಚಿಲ್ವರ್’ ಸಿಗುತ್ತದೆ.

ಪ್ರಶ್ನೆ: ಅಂತರಜಾಲದ ಪ್ರಾಸಕೋಶಗಳು ಕೊಡುವ ಪಟ್ಟಿಯಲ್ಲಿ ಕೆಲವು ಪದಗಳು ನಮ್ಮ ಉಚ್ಚಾರಣೆಗೆ ಹೊಂದುವುದಿಲ್ಲ. ಅವನ್ನು ನಂಬಬಹುದೇ?
— ಬೆಂಗಳೂರಿನ ಓದುಗರು

ಉತ್ತರ: ನಂಬಬಹುದು, ಆದರೆ ಯಾವ ದೇಶದ ಉಚ್ಚಾರಣೆ ಎಂದು ತಿಳಿದುಕೊಂಡು. ಜಾನ್ ವಾಕರ್ 1775ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಾಸಕೋಶ ಪದಗಳನ್ನು ಅವುಗಳ ಕೊನೆಯ ಅಕ್ಷರಗಳ ಕ್ರಮದಲ್ಲಿ ಜೋಡಿಸಿತ್ತು. ಇಂದಿನ ಹಲವು ಸಾಧನಗಳು ಅಕ್ಷರವನ್ನು ಬಿಟ್ಟು ಧ್ವನಿಯನ್ನು ಹಿಡಿಯುತ್ತವೆ. ಇದಕ್ಕೆ ಹೆಚ್ಚಾಗಿ ಬಳಕೆಯಾಗುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ಕೋಶದಲ್ಲಿ 1,30,000ಕ್ಕೂ ಹೆಚ್ಚು ಪದಗಳಿವೆ, ಆದರೆ ಉಚ್ಚಾರಣೆ ಉತ್ತರ ಅಮೆರಿಕದ್ದು. ನಾವು ‘ಝೆಡ್’ ಎನ್ನುವ ಕೊನೆಯ ಅಕ್ಷರ ನಮಗೆ ‘ರೆಡ್’ ಮತ್ತು ‘ಬೆಡ್’ ಪದಗಳ ಜೊತೆಗಾರ, ಅಮೆರಿಕನ್ನರಿಗೆ ಅದು ‘ಝೀ’, ‘ಸೀ’ ಮತ್ತು ‘ಟ್ರೀ’ ಪದಗಳ ಜೊತೆಗಾರ. ನಮ್ಮ ಶಾಲೆಗಳ ‘ಡಾನ್ಸ್’ ಅಲ್ಲಿ ‘ಡ್ಯಾನ್ಸ್’. ಪಟ್ಟಿಯಲ್ಲಿ ಸಿಕ್ಕ ಪದ ಸಂಶಯ ಹುಟ್ಟಿಸಿದರೆ, ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಎರಡನ್ನೂ ಕೇಳಿಸುವ ಯಾವುದಾದರೂ ಆನ್‌ಲೈನ್ ನಿಘಂಟಿನಲ್ಲಿ ಧ್ವನಿಯ ಗುರುತನ್ನು ಒತ್ತಿ ಕೇಳಿ, ಶಾಲೆಯಲ್ಲಿ ಕಲಿಸುವುದಕ್ಕೆ ಹೊಂದುವುದನ್ನು ಮಾತ್ರ ಮಗುವಿನ ಪುಸ್ತಕಕ್ಕೆ ಇಳಿಸಿ.